ಚಿಕ್ಕ ಕೀಬೋರ್ಡ್‌ನಲ್ಲಿ ಕನ್ನಡ ಹಿಡಿಸುತ್ತದೆಯೇ?

ನಿಜಾಮರ ಕಾಲದಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ಹಾಕಿ, ಒಳಗೆ ಕನ್ನಡ ಕಲಿಸಿದರು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ಕಂಪ್ಯೂಟರ್ ಬಂದಾಗ ಮತ್ತೆ ಅಂಥದ್ದೇ ಪರಿಸ್ಥಿತಿ: ಕೀಲಿಗಳ ಮೇಲೆ ಇಂಗ್ಲಿಷ್, ಒಳಗೆ ಕನ್ನಡ ಕೂರಿಸಬೇಕು.

ಟೈಪ್‌ರೈಟರ್‌ಗೆ ಅನಂತ ಸುಬ್ಬರಾಯರು ಕನ್ನಡ ಕೀಲಿಮಣೆ ರೂಪಿಸಿದ್ದರು. ಕಂಪ್ಯೂಟರ್‌ಗೆ ಕೆ.ಪಿ. ರಾವ್ ಅವರು ಇಂಗ್ಲಿಷಿನ 26 ಕೀಲಿಗಳಲ್ಲೇ ಕನ್ನಡ ವರ್ಣಮಾಲೆ ಹೊಂದಿಸಿದರು. 'ಕೆ' ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ; ಒತ್ತಕ್ಷರಕ್ಕೆ 'ಎಫ್'. 'ನುಡಿ' ತಂತ್ರಾಂಶ ಬಳಸುವುದು ಈ ವಿನ್ಯಾಸವನ್ನೇ. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ಬೇರೆ. ಅದರಲ್ಲಿ ಚ, ಟ, ಡ ಅಕ್ಷರಗಳು ಬಲತುದಿಯ ಚಿಹ್ನೆಗಳ ಕೀಲಿಗಳಲ್ಲಿವೆ.

ಮನೆಯಲ್ಲೇ ಕೆಲಸ ಮಾಡಲು ಚಿಕ್ಕ ವೈರ್‌ಲೆಸ್ ಕೀಬೋರ್ಡ್ ಕೊಳ್ಳುವವರು ಇದನ್ನು ನೆನಪಿಡಬೇಕು. ನುಡಿಯಲ್ಲಿ ಬರೆಯುವವರಿಗೆ ಅಕ್ಷರದ ಕೀಲಿಗಳು, ಎರಡೂ ಕಡೆಯ ಶಿಫ್ಟ್ ಸರಿಯಿದ್ದರೆ ಸಾಕು. ಇನ್‌ಸ್ಕ್ರಿಪ್ಟ್‌ನವರು ಬಲಗಡೆಯ ಕೀಲಿಗಳನ್ನು ಕಿರಿದು ಮಾಡಿದ್ದಾರೆಯೇ, ಜಾಗ ಬದಲಿಸಿದ್ದಾರೆಯೇ ನೋಡಿಕೊಳ್ಳಿ. ಮೌಸ್‌ಗೆ ಭಾಷೆಯ ತೊಂದರೆ ಇಲ್ಲ, ಕೈಗೆ ಹೊಂದಿದರಾಯಿತು. ಫೋನಿಗೂ ಜೋಡಿಸುವುದಿದ್ದರೆ ಬ್ಲೂಟೂತ್ ಇರುವುದನ್ನೇ ತಗೊಳ್ಳಿ.