ಕಲ್ಲು ನಿಲ್ಲದ ಕಾಲಾಳು

ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯ ಹೆಸರಿನಲ್ಲಿಯೇ ತಾಯಿ ಎಂಬರ್ಥದ ಹಳಗನ್ನಡದ ‘ಅಬ್ಬೆ’ ಶಬ್ದವು ಕೇಳಿಸುತ್ತದೆ. ಆದರೆ ನಾನಿಲ್ಲಿ ಬರೆಯಹೊರಟಿರುವುದು ತಂದೆಯರ ಮಾತನ್ನು. ಮಳೆಯನ್ನೇ ನೆಚ್ಚಿ ರಾಗಿ, ಜೋಳ, ಕಡಲೆಕಾಯಿಗಳನ್ನು ಬಿತ್ತುವ ಈ ಬಯಲುಸೀಮೆಯಲ್ಲಿ, ಬೆಳೆ ಕೈಕೊಟ್ಟ ವರ್ಷ ತಿಂಗಳು ತಿಂಗಳಿಗೆ ತಪ್ಪದೆ ಬರುವ ಸಂಬಳವೆಂದರೆ ಏನೆಂಬುದನ್ನು ಬಲ್ಲವರಿಗೆ, ಒಕ್ಕಲ ಮಗನೊಬ್ಬನು ಏಕೆ ದಂಡಿಗೆ ಹೋಗುತ್ತಿದ್ದನೆಂಬುದನ್ನು ವಿವರಿಸಬೇಕಾಗಿಲ್ಲ.

ದಂಡಿಗೆ ಹೋದವನನ್ನು ನೆನೆಯುವ ಕ್ರಮವೊಂದು ಈ ನಾಡಿಗೆ ಪ್ರಾಚೀನ ಕಾಲದಿಂದಲೂ ಇದೆ. ಊರ ಮುಂದೆಯೋ, ಕೆರೆಯ ಏರಿಯ ಮೇಲೆಯೋ, ಗುಡಿಯ ಮಗ್ಗುಲಲ್ಲಿಯೋ ಅರ್ಧ ಹೂತು ನಿಂತಿರುವ ವೀರಗಲ್ಲಿನ ಮುಂದೆ ಕುಳಿತು, ಮೇಲಿನ ಪಾಚಿಯನ್ನು ಅಂಗೈಯಿಂದ ಉಜ್ಜಿ ನೋಡಿದರೆ, ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲನ್ನೋ ಕತ್ತಿಯನ್ನೋ ಹಿಡಿದು ಹೋರಾಡುವ ಆಳು, ನಡುವಿನ ಪಟ್ಟಿಕೆಯಲ್ಲಿ ಇಕ್ಕೆಲದಲ್ಲಿಯೂ ತೋಳು ಹಿಡಿದು ಅವನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲಿನ ಪಟ್ಟಿಕೆಯಲ್ಲಿ ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತ ಅದೇ ಆಳು, ಎಲ್ಲಕ್ಕೂ ಮೇಲೆ ಸೂರ್ಯಚಂದ್ರರು, ಹೀಗೆ ಒಬ್ಬ ಮನುಷ್ಯನ ಕಥೆಯು ಒಂದೇ ಕಲ್ಲಿನಲ್ಲಿ ಮುಗಿಯುತ್ತದೆ. ಆದರೆ ಈ ಕಲ್ಲಿಗೆ ಒಂದು ಕಟ್ಟಳೆಯುಂಟು: ಆತನು ಸತ್ತಿರಬೇಕು. ಸೋತು ಸೆರೆಸಿಕ್ಕಿ ಬದುಕಿ ಮರಳಿದವನಿಗೆ ಅದರಲ್ಲಿ ಪಟ್ಟಿಕೆಯಿಲ್ಲ.

ಸೆರೆಯೂ ಈ ಸೀಮೆಗೆ ಅಪರಿಚಿತವಾದುದಲ್ಲ. 1779ರಲ್ಲಿ ಹೈದರಾಲಿಯು ಮದಕರಿನಾಯಕನ ಚಿತ್ರದುರ್ಗವನ್ನು ಹಿಡಿದಾಗ ಸುಮಾರು 20,000 ಮಂದಿ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ, ಅವರ ಪ್ರಾಯದ ಹುಡುಗರಿಂದ ‘ಚೇಲಾ’ ಎಂಬ ಹೆಸರಿನ ಪಟಾಲಮುಗಳನ್ನು ಕಟ್ಟಿದನೆಂದು ರೈಸ್ ಸಾಹೇಬನು ತನ್ನ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾನೆ. ಕೋಟೆಯ ಕಥೆಯನ್ನು ನಾವು ಇಂದಿಗೂ ಎದೆಯುಬ್ಬಿಸಿ ಹೇಳುತ್ತೇವೆ; ಆ ಹುಡುಗರ ಕಥೆಯನ್ನು ಹೇಳುವವರು ವಿರಳ.

ಮೈಸೂರು ಸಂಸ್ಥಾನದ ಸೈನ್ಯದ ವಿಷಯದಲ್ಲಿಯೂ ಹೀಗೆಯೇ ಆಯಿತು. ಮೊದಲನೆಯ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧಪುರದವರೊಡಗೂಡಿ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲ್ಯಾನ್ಸರುಗಳ ಕೀರ್ತಿಗೆ ಬೆಂಗಳೂರಿನಲ್ಲಿ ಸ್ಮಾರಕವಿದೆ, ದೆಹಲಿಯ ತೀನ್ ಮೂರ್ತಿಯಲ್ಲಿ ಪ್ರತಿಮೆಯಿದೆ. ಅದು ಯುಕ್ತವೇ ಸರಿ. ಆದರೆ ಅವರು ಕುದುರೆಯವರು, ಗೆದ್ದವರು. ಎರಡನೆಯ ಮಹಾಯುದ್ಧದಲ್ಲಿ ಕಡಲು ದಾಟಿದ ಮೈಸೂರಿನ ಕಾಲಾಳುಗಳ ಪಾಲಿಗೆ ಬಂದುದು ಸಿಂಗಾಪುರ.

ಮೈಸೂರು ಒಂದನೆಯ ಪದಾತಿ ದಳವು ಸಿಂಗಾಪುರದ ರಕ್ಷಣೆಗೆಂದು ನಿಯುಕ್ತವಾದ ಸಂಸ್ಥಾನಿಕ ದಳಗಳಲ್ಲೊಂದು. 1941ರ ಡಿಸೆಂಬರ್ 8ರಂದು ಜಪಾನೀಯರು ಮಲಯದ ಕೋಟ ಬಾರುವಿನಲ್ಲಿ ಇಳಿದರು; ಹತ್ತು ವಾರಗಳು ತುಂಬುವುದರೊಳಗಾಗಿ, 1942ರ ಫೆಬ್ರುವರಿ 15ರಂದು, ಬ್ರಿಟಿಷ್ ಸೇನಾಪತಿ ಜನರಲ್ ಪರ್ಸಿವಲ್ ಶರಣಾಗತಿಯ ಪತ್ರಕ್ಕೆ ಸಹಿ ಹಾಕಿದನು. ಸಿಪಾಯಿಯು ಬಂದೂಕನ್ನು ಕೆಳಗಿಟ್ಟುದು ಭಯದಿಂದಲ್ಲ, ಅಪ್ಪಣೆಯಿಂದ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ‘ಸೆರೆಸಿಕ್ಕನು’ ಎಂಬ ಒಂದು ಮಾತಿನಲ್ಲಿ ಆ ಭೇದವು ಅಳಿಸಿಹೋಗುತ್ತದೆ. ಎರಡು ದಿನಗಳ ತರುವಾಯ ಫ್ಯಾರರ್ ಪಾರ್ಕಿನ ಬಯಲಿನಲ್ಲಿ ನಲವತ್ತು ಸಾವಿರದಷ್ಟು ಭಾರತೀಯ ಸೈನಿಕರನ್ನು ನೆರೆಯಿಸಿ ಜಪಾನೀಯರಿಗೆ ಒಪ್ಪಿಸಲಾಯಿತು. ಅಲ್ಲಿಯೇ ಕ್ಯಾಪ್ಟನ್ ಮೋಹನಸಿಂಗನು ಅವರನ್ನು ಬ್ರಿಟಿಷರ ವಿರುದ್ಧ ಹೋರಾಡುವ ಆಜಾದ್ ಹಿಂದ್ ಫೌಜಿಗೆ ಕರೆದನು. ಒಂದು ಕಡೆ ಉಂಡ ಉಪ್ಪಿನ ಋಣ, ಇನ್ನೊಂದು ಕಡೆ ದೇಶದ ಬಿಡುಗಡೆ. ಅಕ್ಷರವನ್ನೇ ಕಾಣದ ಎಷ್ಟೋ ಹಳ್ಳಿಯ ಹುಡುಗರು ಆ ಬಯಲಿನಲ್ಲಿ ನಿಂತು ನಿರ್ಣಯಿಸಬೇಕಾದ ಧರ್ಮಸೂಕ್ಷ್ಮವು ಪಂಡಿತರನ್ನೂ ಕಂಗೆಡಿಸತಕ್ಕದ್ದು. ಸಾವಿರಾರು ಮಂದಿ ಸೇರಿದರು. ಸಾವಿರಾರು ಮಂದಿ ಸೇರಲಿಲ್ಲ. ಸೇರದವರಲ್ಲಿ ಬಹುಮಂದಿಯನ್ನು ನ್ಯೂಗಿನಿಯವರೆಗೂ ಸಾಗಿಸಿ ಕೂಲಿಗಳಂತೆ ದುಡಿಸಲಾಯಿತು. ಹಸಿವು, ಜ್ವರ, ಪೆಟ್ಟುಗಳಿಗೆ ತುತ್ತಾದವರು ಅನೇಕರು. ಇಬ್ಬರಲ್ಲಿ ಯಾರನ್ನೂ ತಪ್ಪುಗಾರರೆನ್ನಲು ನನಗೆ ಮನಸ್ಸು ಬಾರದು.

ಈ ಮೂರೂವರೆ ವರ್ಷಗಳ ಕಾಲ, 1945ರ ಸೆಪ್ಟೆಂಬರಿನಲ್ಲಿ ಸಿಂಗಾಪುರದ ಸೆರೆಯು ಬಿಡುವತನಕ, ಇಲ್ಲಿಯ ಮನೆಗಳಲ್ಲಿ ಕಾದವರ ಚರಿತ್ರೆಯನ್ನು ಯಾವ ದಫ್ತರವೂ ಬರೆಯಲಿಲ್ಲ. ತಾಳಿಯನ್ನು ಉಳಿಸಿಕೊಳ್ಳಬೇಕೋ ತೆಗೆಯಬೇಕೋ ತಿಳಿಯದ ಹೆಂಡತಿ, ತಂದೆಯ ಮುಖವನ್ನೇ ಕಾಣದೆ ನಡೆಯಲು ಕಲಿತ ಮಗು, ಇವರು ಯಾವ ಪಟ್ಟಿಗೂ ಸೇರುವವರಲ್ಲ. ಮರಳಿದವನು ನೇಗಿಲು ಹಿಡಿದನು; ‘ಮಿಲಿಟರಿಯವರು’ ಎಂದು ಊರು ಗೌರವಿಸಿತು; ಅಪ್ಪ ಏನೂ ಹೇಳುತ್ತಿರಲಿಲ್ಲವೆಂದು ಮಕ್ಕಳು ಇಂದಿಗೂ ಹೇಳುತ್ತಾರೆ. ಹೇಳುವುದಾದರೂ ಯಾವ ಮಾತಿನಲ್ಲಿ? ಸತ್ತ ವೀರನಿಗೆ ಕಲ್ಲು, ಗೆದ್ದ ವೀರನಿಗೆ ಲಾವಣಿ. ತಾಳಿಕೊಂಡು ಬದುಕಿದವನಿಗೆ ನಮ್ಮ ಸಂಪ್ರದಾಯವು ಭಾಷೆಯನ್ನೇ ಒದಗಿಸಲಿಲ್ಲ. ಆ ಮೌನಕ್ಕೆ ಇದೇ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ.

ಸಂಸ್ಥಾನವು ಭಾರತದಲ್ಲಿ ವಿಲೀನವಾದ ಮೇಲೆ ಆ ಮೈಸೂರು ಪದಾತಿ ದಳವು ಮದ್ರಾಸ್ ರೆಜಿಮೆಂಟಿನ 18ನೆಯ ಬೆಟಾಲಿಯನ್ನಾಗಿ ಮುಂದುವರಿಯಿತು. ಸಿಪಾಯಿಗಳ ಮನೆಗಳಲ್ಲಿ ಉಳಿದುದು, ತಗಡಿನ ಟ್ರಂಕಿನ ತಳದಲ್ಲಿ, ಮಾಸಿದ ಪಟ್ಟಿಯ ಒಂದೆರಡು ಪದಕಗಳು. ಆ ಯುದ್ಧದ ದುಂಡನೆಯ ಪದಕದ ಒಂದು ಮುಖದಲ್ಲಿ ಅರಸನ ತಲೆ, ಇನ್ನೊಂದರಲ್ಲಿ ಎರಡು ತಲೆಯ ಘಟಸರ್ಪವನ್ನು ಮೆಟ್ಟಿ ನಿಂತ ಸಿಂಹ. ಇವನ್ನು ಎಲ್ಲರೂ ನೋಡುತ್ತಾರೆ. ನೋಡಬೇಕಾದುದು ಅದರ ಅಂಚನ್ನು. ಬ್ರಿಟನ್ನಿನ ಸೈನಿಕರಿಗೆ ಕೊಟ್ಟ ಆ ಪದಕದಲ್ಲಿ ಹೆಸರಿರಲಿಲ್ಲ. ಭಾರತೀಯರಿಗೆ ಕೊಟ್ಟುದರ ಅಂಚಿನಲ್ಲಿ ಸಿಪಾಯಿಯ ನಂಬರು, ಹೆಸರು, ದಳ ಇವುಗಳನ್ನು ಸಣ್ಣ ಅಕ್ಷರಗಳಲ್ಲಿ ಒತ್ತಿದ್ದಾರೆ. ಹರಿಯಬ್ಬೆಯಲ್ಲಾಗಲಿ, ಹೊಸದುರ್ಗ, ಹೊಳಲ್ಕೆರೆಗಳ ಕಡೆಯಲ್ಲಾಗಲಿ, ಅಂತಹ ಬಿಲ್ಲೆಯಿರುವ ಮನೆಯವರು ಅದನ್ನು ಹಳೆಯ ಸಾಮಾನಿನವನಿಗೆ ತೂಕಕ್ಕೆ ಹಾಕದಿರಿ. ಹುಣಿಸೆಹಣ್ಣಿನಿಂದ ತಿಕ್ಕಿ ಹೊಳಪು ತರಲೂ ಹೋಗದಿರಿ, ಅಕ್ಷರಗಳು ಸವೆದಾವು. ಬೆಳಕಿಗೆ ಹಿಡಿದು ಅಂಚನ್ನು ಓದಿ, ಆ ನಂಬರನ್ನೂ ಹೆಸರನ್ನೂ ಒಂದು ಕಾಗದದಲ್ಲಿ ಬರೆದು, ಮನೆಯ ಹಿರಿಯರು ಬಲ್ಲ ನಾಲ್ಕು ಮಾತುಗಳನ್ನು ಅದರ ಕೆಳಗೆ ಈಗಲೇ ಸೇರಿಸಿಡಿ.