ಇಲಿಶ್, ಸಿಗಡಿ ಮತ್ತು ಮುಳ್ಳುತಂತಿ: ಕೋಲ್ಕತ್ತ ಮೈದಾನದ ಮೂದಲಿಕೆಗಳು

ಕೋಲ್ಕತ್ತದ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ಕ್ಲಬ್‌ಗಳ ಅಭಿಮಾನಿಗಳು ಒಬ್ಬರನ್ನೊಬ್ಬರು ಮೂದಲಿಸಲು ತೊಡಗಿ ನೂರು ವರ್ಷ ದಾಟಿದೆ. ಈ ಮೂದಲಿಕೆಯಲ್ಲಿ ಕಾಲ್ಚೆಂಡಿಗಿಂತ ಹೆಚ್ಚಾಗಿ ಊರು, ಊಟ, ಉಚ್ಚಾರಣೆಗಳೇ ಕೇಳಿಬರುತ್ತವೆ. ಪಶ್ಚಿಮ ಬಂಗಾಳದ ಹಳೆಯ ನಿವಾಸಿಗಳಿಗೆ ‘ಘೋಟಿ’ ಎಂದು ಹೆಸರು. ಪದಶಃ ಅದು ಚೊಂಬು. ಪದ್ಮಾ ನದಿಯ ಸೀಮೆಯಿಂದ, ಅಂದರೆ ಪೂರ್ವ ಬಂಗಾಳದಿಂದ ಬಂದವರು ‘ಬಾಂಗಾಲ್’ಗಳು. ನಗರದವರ ಬಾಯಲ್ಲಿ ಈ ಎರಡನೆಯ ಮಾತಿಗೆ ಹಳ್ಳಿಗಮಾರ ಎಂಬ ಧ್ವನಿ ಇತ್ತು. ಘೋಟಿಗಳದು ಮೋಹನ್ ಬಗಾನ್, ಬಾಂಗಾಲ್‌ಗಳದು ಈಸ್ಟ್ ಬೆಂಗಾಲ್ ಎಂಬುದು ಸ್ಥೂಲವಾದ ವಿಂಗಡಣೆ.

1889ರಲ್ಲಿ ಹುಟ್ಟಿದ ಮೋಹನ್ ಬಗಾನ್‌ಗೆ ಮೊದಲಿಗೆ ಇಂಥ ಎದುರಾಳಿಯೇ ಇರಲಿಲ್ಲ. 1911ರ ಜುಲೈ 29ರಂದು ಐಎಫ್‌ಎ ಶೀಲ್ಡ್ ಫೈನಲ್‌ನಲ್ಲಿ ಬ್ರಿಟಿಷ್ ಸೇನೆಯ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿದಾಗ ಅದು ಇಡೀ ಬಂಗಾಳದ ತಂಡವಾಗಿತ್ತು. ಅಂದು ಒಂದೆರಡು ರೂಪಾಯಿಯ ಟಿಕೆಟ್ ಕಾಳಸಂತೆಯಲ್ಲಿ 15 ರೂಪಾಯಿಗೆ ಏರಿತ್ತು. ಆಟ ಕಾಣದಷ್ಟು ಹಿಂದೆ ನಿಂತವರಿಗೆ ಗಾಳಿಪಟ ಹಾರಿಸಿ ಗೋಲುಗಳ ಲೆಕ್ಕ ತಿಳಿಸಿದರು.

ಪೈಪೋಟಿಯ ಬೀಜ ಬಿದ್ದದ್ದು ಒಬ್ಬ ಆಟಗಾರನನ್ನು ಕೈಬಿಟ್ಟ ಕಾರಣಕ್ಕೆ. 1920ರ ಜುಲೈ 28ರಂದು ಕೂಚ್ ಬೆಹಾರ್ ಕಪ್ ಪಂದ್ಯದಲ್ಲಿ ಜೋಡಾಬಗಾನ್ ತಂಡ ಮೋಹನ್ ಬಗಾನ್ ಎದುರು ಇಳಿದಾಗ ಶೈಲೇಶ್ ಬೋಸ್ ಎಂಬ ಪೂರ್ವ ಬಂಗಾಳದ ಆಟಗಾರನಿಗೆ ಸ್ಥಾನ ಸಿಗಲಿಲ್ಲ. ಆತನ ಪರ ನಿಂತ ಜೋಡಾಬಗಾನ್ ಕ್ಲಬ್ಬಿನ ಉಪಾಧ್ಯಕ್ಷ ಸುರೇಶ್ ಚಂದ್ರ ಚೌಧುರಿ ಹೊರಬಂದು, ಆಗಸ್ಟ್ 1ರಂದು ಕೆಲವರನ್ನು ಕೂಡಿಕೊಂಡು ಈಸ್ಟ್ ಬೆಂಗಾಲ್ ಕ್ಲಬ್ ಕಟ್ಟಿದರು. ಮೂದಲಿಕೆಗೆ ಗುರಿಯಾಗಿದ್ದ ಸೀಮೆಯ ಹೆಸರನ್ನೇ ಕ್ಲಬ್ಬಿಗೆ ಇಟ್ಟುಕೊಂಡದ್ದು ಮುಂದಿನದಕ್ಕೆಲ್ಲ ನಾಂದಿ. 1925ರ ಮೇ 28ರಂದು ಕಲ್ಕತ್ತಾ ಲೀಗ್‌ನಲ್ಲಿ ಎರಡೂ ತಂಡಗಳು ಮೊದಲ ಸಲ ಎದುರಾದಾಗ ಈಸ್ಟ್ ಬೆಂಗಾಲ್ 1–0ರಿಂದ ಗೆದ್ದಿತು.

1947ರ ದೇಶವಿಭಜನೆ ಈ ಕೀಟಲೆಗೆ ನೋವಿನ ಬಣ್ಣ ಬಳಿಯಿತು. ಲಕ್ಷಾಂತರ ಮಂದಿ ನಿರಾಶ್ರಿತರಾಗಿ ನಗರದ ಅಂಚಿನ ಕಾಲೊನಿಗಳಲ್ಲಿ ನೆಲೆಸಿದರು. ಮನೆ, ಹೊಲ ಎರಡನ್ನೂ ಬಿಟ್ಟು ಬಂದವರಿಗೆ ಊರಿನ ಹೆಸರು ಉಳಿದಿದ್ದ ಜಾಗಗಳಲ್ಲಿ ಕ್ಲಬ್ ಒಂದಾಗಿತ್ತು. ಎದುರು ಗ್ಯಾಲರಿಯವರು ಅವರನ್ನು ‘ಕಾಂಟಾತಾರ್’ ಎಂದು ಕೂಗಿದರು: ಗಡಿಯ ಮುಳ್ಳುತಂತಿ ನುಸುಳಿ ಬಂದವರು ಎಂದು. ಮೈದಾನದ ಬೈಗುಳಗಳಲ್ಲಿ ಇದಕ್ಕಿಂತ ಕ್ರೂರವಾದುದು ಇಲ್ಲ. ಮೀನಿನ ಜಗಳ ಇದರ ಮುಂದೆ ಹಗುರ. ಬಾಂಗಾಲ್‌ಗಳಿಗೆ ಪದ್ಮಾ ನದಿಯ ಇಲಿಶ್ ಮೀನು ಪ್ರಾಣ, ಘೋಟಿಗಳಿಗೆ ಸಿಗಡಿ. ಗೆದ್ದವರ ಮೀನಿಗೆ ಆ ಸಂಜೆ ಸಂತೆಯಲ್ಲಿ ಬೆಲೆ ಏರುತ್ತಿತ್ತು. ಸೋತವರ ಮನೆಮುಂದೆ ಅದೇ ಮೀನನ್ನು ಆಡಿಸಿ ತೋರಿಸುವ ಕುಚೇಷ್ಟೆಯೂ ನಡೆಯುತ್ತಿತ್ತು.

ಈ ಪ್ರಾದೇಶಿಕ ಅಭಿಮಾನವನ್ನು ಅಂಗಳದಲ್ಲಿ ಹೊತ್ತವರೆಲ್ಲ ಬಂಗಾಳಿಗಳಾಗಿರಲಿಲ್ಲ. 1949ರಿಂದ 1951ರವರೆಗೆ ಸತತ ಮೂರು ಐಎಫ್‌ಎ ಶೀಲ್ಡ್ ಗೆದ್ದ ಈಸ್ಟ್ ಬೆಂಗಾಲ್ ತಂಡದ ಮುಂಪಡೆಯ ಐವರನ್ನು ‘ಪಂಚ ಪಾಂಡವರು’ ಎನ್ನುತ್ತಿದ್ದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ—ಐವರೂ ದಕ್ಷಿಣದವರು. ಇವರಲ್ಲಿ ಅಹ್ಮದ್ ಖಾನ್ ಬೆಂಗಳೂರಿನ ಹುಡುಗ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದವರು.

ಈ ಪಂದ್ಯಗಳಿಗೆ ಟಿಕೆಟ್ ಸಿಗುವುದೂ ಒಂದು ಗೋಳು; ಅದಕ್ಕೆ ಮೂಲ ಕಾರಣ ನೆಲ. ‘ಮೈದಾನ’ ಎಂದು ಕರೆಯುವ ನಗರದ ಬಯಲು ಸೈನ್ಯದ ಸ್ವತ್ತು. ಫೋರ್ಟ್ ವಿಲಿಯಂ ಕೋಟೆಯ ಸುತ್ತ ಶಾಶ್ವತ ಕಟ್ಟಡ ಏಳುವಂತಿಲ್ಲ. ಮರದ ಹಲಗೆಯ ಗ್ಯಾಲರಿಯಲ್ಲಿ ಕೂರಬಲ್ಲವರು ಕೆಲವೇ ಸಾವಿರ, ಬರುತ್ತಿದ್ದವರು ಅದರ ಎಷ್ಟೋ ಪಟ್ಟು. ಸದಸ್ಯತ್ವ ಇಲ್ಲದವರು ಬೆಳಗ್ಗೆಯಿಂದ ಬಿಸಿಲು ಮಳೆಯಲ್ಲಿ ಸಾಲುಗಟ್ಟಿ, ಕುದುರೆ ಪೊಲೀಸರ ಲಾಠಿ ತಪ್ಪಿಸಿಕೊಂಡು ಒಳಹೊಗಬೇಕಿತ್ತು. ಅಷ್ಟೂ ಸಿಗದವರಿಗೆ ಕೋಟೆಯ ಇಳಿಜಾರು ದಿಬ್ಬವೇ ಪುಕ್ಕಟೆ ಗ್ಯಾಲರಿ. ದೊಡ್ಡ ಪಂದ್ಯಗಳು ಈಡನ್ ಗಾರ್ಡನ್ಸ್‌ಗೆ ಹೋದ ಮೇಲೆ ಜಾಗ ಹೆಚ್ಚಿತು, ಆದರೆ ಎರಡೂ ಕಡೆಯವರು ಬೆರೆತು ಕೂರುವಂತಾಯಿತು. 1980ರ ಆಗಸ್ಟ್ 16ರಂದು ಅಲ್ಲಿ ನಡೆದ ಲೀಗ್ ಪಂದ್ಯದಲ್ಲಿ ಗಲಭೆ ಎದ್ದು ನೂಕುನುಗ್ಗಲಿನಲ್ಲಿ 16 ಮಂದಿ ಸತ್ತರು. ಅವರ ನೆನಪಿಗೆ ಆ ದಿನ ರಕ್ತದಾನ ಮಾಡುವ ಪದ್ಧತಿ ನಗರದಲ್ಲಿ ಬೆಳೆದುಬಂದಿದೆ. 1984ರಲ್ಲಿ ಸಾಲ್ಟ್ ಲೇಕ್ ಕ್ರೀಡಾಂಗಣ ತೆರೆದ ಮೇಲೆ ದೊಡ್ಡ ಪಂದ್ಯಗಳು ಅಲ್ಲಿಗೆ ಹೋದವು.

ಕೋಚ್‌ಗಳೂ ಈ ವಾಗ್ವಾದದ ಪಾತ್ರಧಾರಿಗಳೇ. ಪಿ.ಕೆ. ಬ್ಯಾನರ್ಜಿ ಆಟಗಾರರನ್ನು ಮಾತಿನಿಂದಲೇ ಹುರಿದುಂಬಿಸುತ್ತಿದ್ದರು. ಅದಕ್ಕೆ ‘ವೋಕಲ್ ಟಾನಿಕ್’ ಎಂಬ ಹೆಸರೇ ನಿಂತಿತು. ಅವರ ಕೈಕೆಳಗೆ ಈಸ್ಟ್ ಬೆಂಗಾಲ್ 1975ರ ಸೆಪ್ಟೆಂಬರ್ 30ರ ಶೀಲ್ಡ್ ಫೈನಲ್‌ನಲ್ಲಿ ಮೋಹನ್ ಬಗಾನನ್ನು 5–0ರಿಂದ ಮಣಿಸಿತು. ಆ ಸೋಲು ತಾಳಲಾರದೆ ಮೋಹನ್ ಬಗಾನ್‌ನ ಒಬ್ಬ ಯುವ ಅಭಿಮಾನಿ ಪ್ರಾಣ ಬಿಟ್ಟ. ‘ಐದು ಗೋಲು’ ಎಂಬುದು ದಶಕಗಳ ಕಾಲ ಚುಚ್ಚುಮಾತಾಗಿ ಉಳಿಯಿತು. ಮರುವರ್ಷವೇ ಪಿ.ಕೆ. ಮೋಹನ್ ಬಗಾನ್ ಸೇರಿದರು. ಜಯಕಾರ ಕೂಗಿದ ಗ್ಯಾಲರಿ ಈಗ ಎದುರಾಳಿಯ ಗ್ಯಾಲರಿ.

1997ರ ಜುಲೈ 13ರ ಫೆಡರೇಷನ್ ಕಪ್ ಸೆಮಿಫೈನಲ್ ಹೊತ್ತಿಗೆ ಪಿ.ಕೆ. ಮತ್ತೆ ಈಸ್ಟ್ ಬೆಂಗಾಲ್‌ನಲ್ಲಿದ್ದರು, ಮೋಹನ್ ಬಗಾನ್‌ನಲ್ಲಿ ಅಮಲ್ ದತ್ತ. ದತ್ತರ ಆಕ್ರಮಣಕಾರಿ ‘ಡೈಮಂಡ್’ ವ್ಯೂಹ ಆ ಋತುವಿನಲ್ಲಿ ಮನೆಮಾತಾಗಿತ್ತು. ಪಂದ್ಯಕ್ಕೆ ಮುಂಚೆ ಅವರು ಎದುರಾಳಿಗಳ ಹೆಸರುಗಳನ್ನು ತಿರುಚಿದರು: ಬೈಚುಂಗ್ ಭುಟಿಯಾ ‘ಚುಂಗ್ ಚುಂಗ್’, ಕೀನ್ಯಾದ ಒಮೊಲೊ ‘ಆಮ್ಲೆಟ್’, ಸೋಸೊ ‘ಶೋಶಾ’, ಎಂದರೆ ಸೌತೆಕಾಯಿ. ಪತ್ರಿಕೆಗಳು ಇದನ್ನು ಹಬ್ಬ ಮಾಡಿದವು. ಸಾಲ್ಟ್ ಲೇಕ್‌ನಲ್ಲಿ 1,31,000ಕ್ಕೂ ಹೆಚ್ಚು ಜನ ಸೇರಿದರು. ಬೈಚುಂಗ್ ಮೂರು ಗೋಲು ಹೊಡೆದರು. ಈಸ್ಟ್ ಬೆಂಗಾಲ್ 4–1ರಿಂದ ಗೆದ್ದಿತು. ಗ್ಯಾಲರಿಯ ಭಾಷೆಯನ್ನು ಕೋಚ್ ಒಬ್ಬರು ಎತ್ತಿಕೊಂಡರೆ ಎಷ್ಟು ಜನ ಕ್ರೀಡಾಂಗಣಕ್ಕೆ ಹರಿದು ಬರುತ್ತಾರೆ, ಆ ಮಾತು ಎಷ್ಟು ಬೇಗ ಆಡಿದವರಿಗೇ ತಿರುಗುತ್ತದೆ ಎಂಬ ಎರಡಕ್ಕೂ ಇದೇ ಸಾಕ್ಷಿ. 1975ರ ಚುಚ್ಚುಮಾತಿಗೆ ಉತ್ತರವಾಗಿ, 2009ರ ಅಕ್ಟೋಬರ್‌ನಲ್ಲಿ ಈಸ್ಟ್ ಬೆಂಗಾಲ್ ಎದುರು 5–3ರಿಂದ ಗೆದ್ದ ಮೋಹನ್ ಬಗಾನ್ ಅಭಿಮಾನಿಗಳಿಗೂ ಕೊನೆಗೆ ಎಣಿಸಲು ಐದು ಗೋಲು ಸಿಕ್ಕವು.

ಇತ್ತೀಚಿನ ವರ್ಷಗಳಲ್ಲಿ ಮೂದಲಿಕೆ ಬ್ಯಾನರ್‌ಗಳಿಗೆ ಏರಿದೆ. 2020ರ ಜನವರಿಯ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ಅಭಿಮಾನಿಗಳು ತಮ್ಮ ನೆಲ ರಕ್ತ ಕೊಟ್ಟು ಪಡೆದದ್ದೇ ಹೊರತು ಕಾಗದ ಕೊಟ್ಟಲ್ಲ ಎಂದು ಬರೆದ ದೊಡ್ಡ ಬಟ್ಟೆಯನ್ನು ಗ್ಯಾಲರಿಯಲ್ಲಿ ಹರಡಿದರು. ಪೌರತ್ವದ ದಾಖಲೆಗಳ ಚರ್ಚೆ ದೇಶದಲ್ಲಿ ಕಾವೇರಿದ್ದ ಸಮಯ ಅದು. ಮುಳ್ಳುತಂತಿಯ ಬೈಗುಳಕ್ಕೆ ಬಹಳ ತಡವಾಗಿ ಬಂದ, ಗಟ್ಟಿಯಾದ ಉತ್ತರವೂ ಹೌದು. ಅದೇ ವರ್ಷ ಎಟಿಕೆ ಕ್ಲಬ್ ಜೊತೆಗಿನ ವಿಲೀನದಿಂದ ತಮ್ಮ ಕ್ಲಬ್ಬಿನ ಹೆಸರಿನ ಮುಂದೆ ಬೇರೊಂದು ಹೆಸರು ಸೇರಿದ್ದಕ್ಕೆ ಮೋಹನ್ ಬಗಾನ್ ಬೆಂಬಲಿಗರು ಸ್ವಂತ ಆಡಳಿತದ ವಿರುದ್ಧವೇ ಘೋಷಣೆ ಕೂಗಿದರು; 2023ರಲ್ಲಿ ಆ ಹೆಸರು ಹೋಯಿತು. 2024ರ ಮಾರ್ಚ್‌ನಲ್ಲಿ ಆತಿಥೇಯ ಕ್ಲಬ್ ಎದುರು ಪಕ್ಷದ ಅಭಿಮಾನಿಗಳಿಗೆ ಹೆಚ್ಚಿನ ಟಿಕೆಟ್ ದರ ಇಟ್ಟದ್ದಕ್ಕೆ ಮತ್ತೆ ಜಗಳವಾಯಿತು.

ಅದೇ ವರ್ಷ ಆಗಸ್ಟ್ 18ಕ್ಕೆ ಗೊತ್ತಾಗಿದ್ದ ಡ್ಯುರಾಂಡ್ ಕಪ್ ಪಂದ್ಯ ರದ್ದಾಯಿತು. ಆರ್.ಜಿ. ಕರ್ ಆಸ್ಪತ್ರೆಯ ಯುವ ವೈದ್ಯೆಯ ಅತ್ಯಾಚಾರ, ಕೊಲೆಗೆ ನ್ಯಾಯ ಕೇಳುತ್ತಿದ್ದ ನಗರದಲ್ಲಿ ಬಂದೋಬಸ್ತಿಗೆ ಪೊಲೀಸರು ಸಾಲರು ಎಂಬುದು ಕಾರಣ. ಆ ಸಂಜೆ ಎರಡೂ ಕ್ಲಬ್ಬುಗಳ ಅಭಿಮಾನಿಗಳು ಕ್ರೀಡಾಂಗಣದ ಹೊರಗೆ ಒಟ್ಟಿಗೆ ಸೇರಿ ನ್ಯಾಯಕ್ಕಾಗಿ ಕೂಗಿದರು, ಒಟ್ಟಿಗೆ ಲಾಠಿ ತಿಂದರು. ಆಡದ ಪಂದ್ಯಕ್ಕೆ ತಂಡಗಳಿಗೆ ಒಂದೊಂದು ಅಂಕ ಹಂಚಲಾಯಿತು.