ಕಿಗ್ಗದ ಹಳ್ಳಕ್ಕೆ ಥೇಮ್ಸ್ ನದಿಯ ಅಳತೆ

ಭಾಗ 1/6
ಕಿಗ್ಗ ಅಂದ್ರೆ ನಿಮ್ಮ ಕಣ್ಮುಂದೆ ಏನು ಬರುತ್ತೆ? ಮಳೆದೇವರು ಋಷ್ಯಶೃಂಗೇಶ್ವರ, ನರಸಿಂಹ ಪರ್ವತ, ಸಿರಿಮನೆ ಜಲಪಾತ. ಈ ಸರಣಿ ಜಲಪಾತದ ಫೋಟೋದಲ್ಲಿ ಕಾಣದ ವಿಷಯದ ಬಗ್ಗೆ. ಹಳ್ಳಕ್ಕೆ ತ್ಯಾಜ್ಯನೀರು ಸೇರಿದೆಯೋ ಇಲ್ಲವೋ ಅಂತ ಕಂಡುಹಿಡಿಯೋದನ್ನ ಮನುಷ್ಯ ಕಲಿತದ್ದು ಹೇಗೆ? ಆ ಅಳತೆ ಹುಟ್ಟಿದ್ದು ಯಾರ ನದಿಗಾಗಿ? ನಮ್ಮ ಹಳ್ಳಕ್ಕೆ ಅದು ಹೊಂದುತ್ತಾ? ಸ್ವಲ್ಪ ಉದ್ದ ಇದೆ, ನಿಧಾನಕ್ಕೆ ಓದಿ.

ಭಾಗ 2/6: ಮೂಗಿನಿಂದ ಬಾಟಲಿಗೆ
1858ರ ಬೇಸಿಗೆ, ಲಂಡನ್. ಇಡೀ ಊರಿನ ಕೊಳಚೆ ಥೇಮ್ಸ್ ನದಿಗೆ ಬೀಳ್ತಿತ್ತು. ನಾತ ಎಷ್ಟಿತ್ತಂದ್ರೆ ಪಾರ್ಲಿಮೆಂಟಿನ ಪರದೆಗಳನ್ನೇ ಸುಣ್ಣದ ಕ್ಲೋರೈಡ್‌ನಲ್ಲಿ ಅದ್ದಿ ನೇತುಹಾಕಿದ್ರು. ಆಗ ಜನಕ್ಕೆ ಇದ್ದ ಅಳತೆ ಮೂಗು ಒಂದೇ.

ಮೂಗಿನ ಸಾಕ್ಷಿ ನಂಬಿ ಕಾನೂನು ಮಾಡೋಕಾಗಲ್ಲ, ಅಲ್ವಾ? ಸಂಖ್ಯೆ ಬೇಕಿತ್ತು. 1898ರಲ್ಲಿ ಬ್ರಿಟನ್ ಸರ್ಕಾರ ಕೊಳಚೆ ವಿಲೇವಾರಿಗೆ ಒಂದು ರಾಯಲ್ ಕಮಿಷನ್ ನೇಮಿಸಿತು. ಅದರ 8ನೇ ವರದಿ ಬಂದದ್ದು 1912ರಲ್ಲಿ. ನೀರನ್ನು ಬಾಟಲಿಯಲ್ಲಿ ಮುಚ್ಚಿ 5 ದಿನ ಇಡಿ, ಅದರಲ್ಲಿರುವ ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ತಿಂದವು ನೋಡಿ ಅಂತ ಅದು ಹೇಳಿತು. ಕೊಳೆ ಜಾಸ್ತಿ ಇದ್ದಷ್ಟೂ ಆಮ್ಲಜನಕ ಜಾಸ್ತಿ ಖರ್ಚು. ಇದೇ ನಮ್ಮ ಪುಸ್ತಕದಲ್ಲಿ ಬರೋ ಬಿಒಡಿ. ನದಿಗೆ ಬಿಡುವ ನೀರಲ್ಲಿ ಲೀಟರಿಗೆ 20 ಮಿಲಿಗ್ರಾಂ ದಾಟಬಾರದು ಅಂತ ಮಿತಿ ಹಾಕಿದ್ರು.

ಆದರೆ ಅದಕ್ಕೊಂದು ಷರತ್ತಿತ್ತು. ಬಿಡುವ ಒಂದು ಪಾಲಿಗೆ ಕನಿಷ್ಠ 8 ಪಾಲು ಶುದ್ಧ ನದಿನೀರು ಇರಬೇಕು. ಈ ಷರತ್ತನ್ನ ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ಭಾಗ 3/6: 5 ದಿನಾನೇ ಯಾಕೆ?
ಬ್ರಿಟನ್ನಿನ ನದಿಗಳಲ್ಲಿ ನೀರು ಸಮುದ್ರ ಮುಟ್ಟೋಕೆ ಅದಕ್ಕಿಂತ ಹೆಚ್ಚು ದಿನ ಬೇಡ ಅನ್ನೋದು ಸಾಮಾನ್ಯವಾಗಿ ಕೊಡುವ ಕಾರಣ. ಬಾಟಲಿ ಇಡಬೇಕಾದ ಬಿಸಿಯನ್ನೂ ಅಲ್ಲಿನ ಹವೆಗೆ ತಕ್ಕಂತೆ ಸುಮಾರು 18 ಡಿಗ್ರಿ ಅಂತ ಇಟ್ಟುಕೊಂಡರು.

ನಮ್ಮ ನೀರಿನ ದಾರಿ ನೋಡಿ. ಕಿಗ್ಗದಿಂದ ಗುಡ್ಡ ದಾಟಿದ್ರೆ ಅರಬ್ಬಿ ಸಮುದ್ರದ ಸೀಮೆ. ಆದ್ರೆ ನಮ್ಮ ಹಳ್ಳ ಆ ಕಡೆ ಹೋಗಲ್ಲ. ತುಂಗೆ ಸೇರಿ, ಕೂಡ್ಲಿಯಲ್ಲಿ ಭದ್ರೆಯ ಜೊತೆಯಾಗಿ, ಹರಿಹರ, ಹೊಸಪೇಟೆ ಅಣೆಕಟ್ಟು, ಆಮೇಲೆ ಕೃಷ್ಣೆ, ಕೊನೆಗೆ ಬಂಗಾಳ ಕೊಲ್ಲಿ. ದಾರಿಯುದ್ದಕ್ಕೂ ಯಾರೋ ಒಬ್ಬರು ಆ ನೀರನ್ನ ಕುಡೀತಿರ್ತಾರೆ. ನೀರು ಬೆಚ್ಚಗಿದ್ದರೆ ಸೂಕ್ಷ್ಮಜೀವಿಗಳ ಕೆಲಸವೂ ಚುರುಕು. ಅದಕ್ಕೇ ಭಾರತದಲ್ಲಿ ಪರೀಕ್ಷೆಯನ್ನ 27 ಡಿಗ್ರಿಯಲ್ಲಿ 3 ದಿನಕ್ಕೆ ಬದಲಾಯಿಸಿದರು. ಅಂದ್ರೆ ಅಳತೆ ಆಕಾಶದಿಂದ ಬಿದ್ದದ್ದಲ್ಲ. ಊರು ಬದಲಾದ್ರೆ ಅಳತೆಯನ್ನೂ ತಿದ್ದಬಹುದು.

ಆಮ್ಲಜನಕ ಅಳೆಯುವ ವಿಧಾನ ಕೊಟ್ಟವರು ಹಂಗೇರಿಯ ಲಾಯೋಶ್ ವಿಂಕ್ಲರ್, 1888ರಲ್ಲಿ. ಮ್ಯಾಂಗನೀಸ್ ಲವಣ, ಕ್ಷಾರ ಮತ್ತು ಅಯೊಡೈಡ್ ಹಾಕಿದಾಗ ಕಂದು ಗಸಿ ಕೂತರೆ ಆಮ್ಲಜನಕ ಇದೆ ಅಂತ ಅರ್ಥ, ಗಸಿ ಬೆಳ್ಳಗೇ ಉಳಿದರೆ ಇಲ್ಲ. ಆಮೇಲೆ ಆಮ್ಲ ಹಾಕಿ, ಹೊರಬಂದ ಅಯೊಡಿನ್ನನ್ನ ಟೈಟ್ರೇಷನ್ ಮಾಡಿ, ಪಿಷ್ಟದ ನೀಲಿ ಮಾಯವಾಗೋವರೆಗೆ ಹನಿ ಹನಿ ಎಣಿಸೋದು. ಕಾಲೇಜು ಲ್ಯಾಬ್‌ಗಳಲ್ಲಿ ಈಗಲೂ ಇದೇ ನಡೆಯುತ್ತೆ.

ಭಾಗ 4/6: ಕಾಫಿ ಕಾಲ
ಈಗ ನಮ್ಮ ಮಲೆನಾಡಿಗೆ ಬರೋಣ. ಕಾಫಿ ಎಲೆರೋಗಕ್ಕೆ ಮದ್ದು ಹುಡುಕೋಕೆ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಸಂಶೋಧನಾ ಘಟಕ ಶುರುವಾಯ್ತು. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಹತ್ತಿರ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ನಮ್ಮ ಸುತ್ತಲಿನ ತೋಟಗಳ ಚರಿತ್ರೆಯಲ್ಲಿ ಇವೆರಡೂ ದೊಡ್ಡ ಹೆಜ್ಜೆಗಳು.

ಕಾಫಿಗೆ ಇನ್ನೊಂದು ಮುಖವೂ ಇದೆ. ಹಣ್ಣನ್ನ ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ, ಬೀಜದ ಮೇಲಿನ ಲೋಳೆ ತೊಳೆದ ನೀರು ಇದೆಯಲ್ಲ, ಅದರ ತುಂಬ ಸಕ್ಕರೆ, ಪೆಕ್ಟಿನ್. ನಿಂತರೆ ಹುಳಿಯಾಗುತ್ತೆ, ಬಣ್ಣ ಕಪ್ಪಾಗುತ್ತೆ. ಅದರ ಬಿಒಡಿ ಲೀಟರಿಗೆ ಸಾವಿರಾರು ಮಿಲಿಗ್ರಾಂ. ಒಂದು ಲೆಕ್ಕ ಮಾಡಿ: ಬಿಒಡಿ 3000 ಇದೆ ಅಂತಿಟ್ಟುಕೊಳ್ಳಿ. ಒಳ್ಳೆ ಹಳ್ಳದ ಒಂದು ಲೀಟರ್ ನೀರಲ್ಲಿ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಇರುತ್ತೆ. ಹಾಗಾದ್ರೆ ಒಂದೇ ಲೀಟರ್ ಪಲ್ಪಿಂಗ್ ನೀರು 375 ಲೀಟರ್ ಹಳ್ಳದ ಆಮ್ಲಜನಕವನ್ನ ನುಂಗಬಲ್ಲದು!

ಇದು ನಡೆಯೋದು ಯಾವಾಗ? ಕೊಯ್ಲಿನ ಕಾಲದಲ್ಲಿ, ಡಿಸೆಂಬರಿಂದ ಫೆಬ್ರವರಿ ಆಸುಪಾಸು. ಮಳೆ ನಿಂತು ಹಳ್ಳ ದಿನೇದಿನೇ ಸೊರಗೋ ಹೊತ್ತು ಅದು. 1912ರ ಆ 8 ಪಾಲು ನೀರು ನೆನಪಿದೆಯಾ? ಜುಲೈನಲ್ಲಿ ಕೇಳಿದ್ರೆ ಕಿಗ್ಗದಲ್ಲಿ ನೂರು ಪಾಲು ಸಿಗುತ್ತೆ. ಫೆಬ್ರವರಿಯಲ್ಲಿ ಎಲ್ಲಿಂದ ತರೋಣ?

ಇದು ಬೆಳೆಗಾರರನ್ನ ಬೈಯೋ ಕಥೆ ಅಲ್ಲ. ಕಾಫಿ ನಮ್ಮಲ್ಲಿ ಎಷ್ಟೋ ಮನೆಗಳ ಅನ್ನ. ನೀರು ಕಡಿಮೆ ಬೇಡುವ ಪಲ್ಪರ್‌ಗಳು ಬಂದಿವೆ. ಸುಣ್ಣ ಹಾಕಿ ಹುಳಿ ಮುರಿದು, ಹೊಂಡದಲ್ಲಿ ನಿಲ್ಲಿಸಿ ಶುದ್ಧ ಮಾಡೋ ದಾರಿಯೂ ಇದೆ.

ಭಾಗ 5/6: ಕಾನೂನು ಬಂತು
ಜಲಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ. ಅದೇ ವರ್ಷ ನಮ್ಮ ರಾಜ್ಯದ ಮಂಡಳಿಯೂ ಹುಟ್ಟಿತು. ಕಾಯ್ದೆಯ 21ನೇ ಕಲಂ ಓದಿದ್ರೆ ಪತ್ತೇದಾರಿ ಕಥೆ ಥರ ಇದೆ. ತ್ಯಾಜ್ಯನೀರಿನ ಮಾದರಿ ತೆಗೆದಾಗ ಅಲ್ಲೇ ಜಾಗದವರಿಗೆ ನೋಟಿಸ್ ಕೊಡಬೇಕು. ಅವರು ಕೇಳಿದ್ರೆ ಮಾದರಿಯನ್ನ ಎರಡು ಭಾಗ ಮಾಡಿ, ಸೀಲು ಹಾಕಿ, ಇಬ್ಬರೂ ಸಹಿ ಮಾಡಬೇಕು. ಯಾಕಂದ್ರೆ ಆ ಬಾಟಲಿ ಈಗ ಕೋರ್ಟಿನ ಸಾಕ್ಷಿ.

ಆದ್ರೆ ಬಾಟಲಿಗೆ ಗೊತ್ತಿರೋದು ಅದನ್ನ ತುಂಬಿದ ಕ್ಷಣ ಮಾತ್ರ. ಬೆಳಿಗ್ಗೆ ಹತ್ತಕ್ಕೆ ತುಂಬಿದ ಬಾಟಲಿ ರಾತ್ರಿ ಹತ್ತರ ಕಥೆ ಹೇಳಲ್ಲ. 1980ರ ದಶಕದಲ್ಲಿ ಹರಿಹರದ ಎದುರು ದಡದ ಕುಮಾರಪಟ್ಟಣಂನಲ್ಲಿದ್ದ ಪಲ್ಪ್ ಕಾರ್ಖಾನೆಯ ತ್ಯಾಜ್ಯನೀರಿನ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಹೋರಾಡಿತಲ್ಲ, ಆಗ ಜನರ ಕಣ್ಣಿಗೆ ಬಿದ್ದ ಸಾಕ್ಷಿ ಸತ್ತು ತೇಲಿದ ಮೀನು. ಅದು ನಮ್ಮದೇ ತುಂಗೆಯ ಕೆಳಗಿನ ದಡ.

ಭಾಗ 6/6: ಕಲ್ಲಿನಡಿಯ ಕಾವಲುಗಾರರು
ಹಾಗಾದ್ರೆ ರಾತ್ರಿ ಪಹರೆ ಯಾರದು? ಎರಡು ಉತ್ತರ ಇವೆ. ಒಂದು ಹೊಸದು: ನೀರಲ್ಲೇ ಮುಳುಗಿಸಿಟ್ಟು ಗಳಿಗೆ ಗಳಿಗೆಗೂ ಆಮ್ಲಜನಕ, ಆಮ್ಲತೆ ಬರೆದುಕೊಳ್ಳೋ ಸೆನ್ಸರ್. ಇನ್ನೊಂದು ಹಳೇದು: ಹುಳುಗಳು. ಜರ್ಮನಿಯ ಕೋಲ್ಕ್‌ವಿಟ್ಜ್ ಮತ್ತು ಮಾರ್ಸೊನ್ 1908 ಮತ್ತು 1909ರಲ್ಲಿ ಒಂದು ಪಟ್ಟಿಯನ್ನೇ ಮಾಡಿದ್ರು. ಯಾವ ಜೀವಿ ಎಷ್ಟು ಕೊಳೆ ಸಹಿಸುತ್ತೆ ಅನ್ನೋ ಪಟ್ಟಿ. ಹರಿಯೋ ಹಳ್ಳದ ಕಲ್ಲು ಮಗುಚಿದ್ರೆ ಬಾಲದಲ್ಲಿ ಮೂರು ಎಳೆ ಇರೋ ಮೇಫ್ಲೈ ಮರಿಗಳು ಸಾಮಾನ್ಯವಾಗಿ ಸಿಗುತ್ತವೆ. ಆಮ್ಲಜನಕ ಇಳಿದ್ರೆ ಮೊದಲು ಮಾಯವಾಗೋ ಗುಂಪುಗಳಲ್ಲಿ ಅವೂ ಸೇರಿವೆ. ಕೆಂಪು ಹುಳುಗಳೇ ತುಂಬಿದ್ದರೆ ಅನುಮಾನ ಪಡಿ. ಅವು ವಾರಗಟ್ಟಲೆ ಅಲ್ಲೇ ಬದುಕಿರ್ತವೆ, ಹಾಗಾಗಿ ಬಾಟಲಿ ತಪ್ಪಿಸಿಕೊಂಡ ರಾತ್ರಿಯ ಸುದ್ದಿಯೂ ಅವುಗಳ ಹತ್ತಿರ ಇರುತ್ತೆ.

ಕಿಗ್ಗದಲ್ಲಿ ಅಬ್ಬಿ ನೀರು ಪೈಪಲ್ಲಿ ನೇರ ಅಡುಗೆಮನೆಗೆ ಬರೋ ಮನೆ ನಿಮ್ಮದಿರಬಹುದು. ಮುಂದಿನ ಸಲ ಯಾರಾದ್ರೂ ನೀರಿನ ವರದಿ ತೋರಿಸಿ ಎಲ್ಲ ಸರಿ ಇದೆ ಅಂದ್ರೆ, ಸಂಖ್ಯೆ ನೋಡೋ ಮೊದಲು ತಾರೀಖು ನೋಡಿ. ಮಾದರಿ ತೆಗೆದದ್ದು ಜುಲೈನಲ್ಲೋ, ಜನವರಿಯಲ್ಲೋ? ತೋಟಗಳ ಮೇಲ್ಗಡೆಯೋ, ಕೆಳಗಡೆಯೋ? ಲಂಡನ್ನಿನವರು ತಮ್ಮ ನದಿಗೆ ತಕ್ಕ ಪ್ರಶ್ನೆ ಕೇಳಿಕೊಂಡ್ರು. ನಮ್ಮ ಹಳ್ಳದ ಪ್ರಶ್ನೆಯನ್ನ ನಾವೇ ಕೇಳಬೇಕು.

ನಿಮ್ಮೂರಿನ ಹಳ್ಳದ ಹೆಸರೇನು? ಕಾಮೆಂಟಲ್ಲಿ ಬರೀರಿ, ಹೆಸರು ಮರೆಯೋ ಮುಂಚೆ.

#ಕಿಗ್ಗ #ಶೃಂಗೇರಿ #ತುಂಗೆ #ನಮ್ಮಹಳ್ಳ #ಮಲೆನಾಡು #ಇತಿಹಾಸಸರಣಿ